ಗಿಡ ಬಿಚ್ಚುವ ಮೊದಲು ಓದಿ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ

ನಮ್ಮ ಮನೆಯವರಿಗೆ,

ಹಾಗೆಂದು ಬರೆದ ಮೇಲೆ, ಒಂದೂವರೆ ವರ್ಷದಿಂದ ನೀವು ಇರುವುದು ನಿಮ್ಮ ಅಕ್ಕನ ಮನೆಯಲ್ಲಿ ಎಂಬುದು ನೆನಪಾಯಿತು. ಹೊಡೆದುಹಾಕಿ ಬೇರೆ ಏನಾದರೂ ಬರೆಯೋಣವೆಂದರೆ ಏನೂ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಇರಲಿ ಬಿಡಿ.

ನಿಮ್ಮ ಕಾಗದ ಶನಿವಾರ ತಲುಪಿತು. ನಾನು ಹೇಗಿದ್ದೇನೆ ಎಂದು ಕೇಳಲು ಅರ್ಧ ಸಾಲು, ನಿಮ್ಮ ಹೊಸ ಗ್ರೀನ್‌ಹೌಸಿನ ತಾಪತ್ರಯಗಳಿಗೆ ಎರಡೂವರೆ ಪುಟ. ನೀವು ಬದಲಾಗಿಲ್ಲ ಎಂದು ತಿಳಿದು ಒಂದು ಥರ ಸಮಾಧಾನವೇ ಆಯಿತು. ನಾನು ಚೆನ್ನಾಗಿದ್ದೇನೆ. ಮಂಡಿ ನೋಯುತ್ತದೆ, ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಮಗಳು ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ನಿಮ್ಮ ಸುದ್ದಿ ನನಗೆ ಹೇಳುವುದಿಲ್ಲ, ನನ್ನ ಸುದ್ದಿ ನಿಮಗೂ ಹೇಳುತ್ತಿರಲಿಕ್ಕಿಲ್ಲ. ಜಾಣೆ, ನಮ್ಮಿಬ್ಬರಲ್ಲಿ ಯಾರನ್ನೂ ಹೋಲುವುದಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಹೇಳಿಬಿಡುತ್ತೇನೆ. ಬೆಳಗಿನ ಹೊತ್ತು ಛಾವಣಿಯಿಂದ ನೀರು ತೊಟ್ಟಿಕ್ಕಿ ಗಿಡಗಳ ಸುಳಿ ಕೊಳೆಯುತ್ತಿದೆ ಎಂದಿದ್ದೀರಿ. ಕೊಳೆಯದೆ ಏನಾಗುತ್ತದೆ? ಛಾವಣಿಯನ್ನು ಚಪ್ಪಟೆಯಾಗಿ ಕೂರಿಸಿದ್ದೀರಿ. ಒಳಗಿನ ಆವಿ ಮೇಲೆ ಹೋಗಿ ಹನಿಯಾಗಿ, ಜಾರುವುದಕ್ಕೆ ದಾರಿಯಿಲ್ಲದೆ ನೇರ ಗಿಡದ ನೆತ್ತಿಗೇ ಬೀಳುತ್ತದೆ. ಒಂದು ಪಕ್ಕವನ್ನು ಒಂದೂವರೆ ಅಡಿ ಎತ್ತರಿಸಿ, ಹನಿ ಜಾರಿಕೊಂಡು ಗೋಡೆಗೆ ಇಳಿಯುತ್ತದೆ. ನಮ್ಮದಕ್ಕೆ ಇಳಿಜಾರು ಬೇಕೆಂದು ಹಟ ಹಿಡಿದವಳು ನಾನು. ದನದ ಕೊಟ್ಟಿಗೆ ಕಟ್ಟುತ್ತಿದ್ದೀಯಾ ಎಂದು ನೀವು ನಕ್ಕಿದ್ದಿರಿ. ಆಮೇಲೆ ಬಂದವರಿಗೆಲ್ಲ ಆ ಇಳಿಜಾರನ್ನು ನಿಮ್ಮದೇ ತಲೆಯಿಂದ ಹುಟ್ಟಿದ್ದು ಎಂಬಂತೆ ತೋರಿಸಿದಿರಿ. ಈಗ ಸ್ವಂತ ತಲೆಯಿಂದ ಕಟ್ಟಿದ್ದು ಸೋರುತ್ತಿದೆ.

ಫ್ಯಾನನ್ನು ಗಿಡಗಳ ಮುಖಕ್ಕೆ ತಿರುಗಿಸಬೇಡಿ, ಗೋಡೆಗೆ ತಿರುಗಿಸಿ. ಗಾಳಿ ಗೋಡೆಗೆ ಬಡಿದು ಸುತ್ತಿಕೊಂಡು ಬಂದರೆ ಸಾಕು. ನೆಲಕ್ಕೆ ಸಿಮೆಂಟು ಹಾಕಿಸಿದ್ದೀರಂತೆ, ತೊಳೆಯಲು ಸುಲಭವೆಂದು. ಆಸ್ಪತ್ರೆ ಬುದ್ಧಿ. ಅದರ ಮೇಲೆ ನಾಲ್ಕು ಬೆರಳು ದಪ್ಪ ಜಲ್ಲಿ ಹರಡಿ, ಮಧ್ಯಾಹ್ನಕ್ಕೊಮ್ಮೆ ನೀರು ಚಿಮುಕಿಸಿ, ತಂಪು ಒಳಗೇ ನಿಲ್ಲುತ್ತದೆ. ನಿಮ್ಮ ಅಕ್ಕನ ಮನೆಯ ಹಿಂದಿನ ಬಿಳಿ ಗೋಡೆ ಮೂರು ಗಂಟೆಯ ಬಿಸಿಲನ್ನೆಲ್ಲ ತಿರುಗಿಸಿ ಒಳಕ್ಕೆ ಎಸೆಯುತ್ತದೆ. ಆ ಪಕ್ಕಕ್ಕೆ ಇನ್ನೊಂದು ಪದರ ಶೇಡ್ ನೆಟ್ ಕಟ್ಟಿ. ನಲ್ಲಿ ನೀರನ್ನು ಹಿಡಿದ ಕೂಡಲೇ ಹಾಕಬೇಡಿ, ಒಂದು ದಿನ ಡ್ರಮ್ಮಿನಲ್ಲಿ ಒಳಗೇ ಇಟ್ಟು ಹಾಕಿ. ಬೆಂಚು ಅಲುಗಾಡುತ್ತದೆ ಎಂದಿದ್ದೀರಿ. ಅದಕ್ಕೆ ನಿಮಗೆ ಉಪಾಯ ಗೊತ್ತಲ್ಲ.

ಮರೆತಿದ್ದರೆ ನೆನಪಿಸುತ್ತೇನೆ. ನಮ್ಮ ಮನೆಗೆ ಫೋನ್ ಹಾಕಿಸುವ ಮುಂಚೆ, ಅಮ್ಮನಿಗೆ ಹುಷಾರಿಲ್ಲವೆಂದು ನಾನು ಮಗಳನ್ನು ಕಟ್ಟಿಕೊಂಡು ಒಂಬತ್ತು ವಾರ ತವರಿನಲ್ಲಿ ಇದ್ದೆ. ವಾರಕ್ಕೊಂದು ಕಾಗದ ಬರೆದಿದ್ದೆ. ಅಮ್ಮ ಇನ್ನು ಉಳಿಯುವುದಿಲ್ಲ, ಒಮ್ಮೆ ಬಂದು ಹೋಗಿ ಎಂದು ಬರೆದದ್ದೂ ಅದರಲ್ಲಿ ಒಂದು. ಎಲ್ಲ ಮುಗಿಸಿಕೊಂಡು ವಾಪಸ್ಸು ಬಂದು ಗ್ರೀನ್‌ಹೌಸ್ ಗುಡಿಸುವಾಗ, ಬೆಂಚಿನ ಕುಂಟು ಕಾಲಿನ ಕೆಳಗೆ ಮಡಚಿ ತುರುಕಿದ್ದ ಲಕೋಟೆಗಳು ಸಿಕ್ಕವು. ನಾಲ್ಕನ್ನು ಒಡೆದೇ ಇರಲಿಲ್ಲ. ಕೇಳಿದ್ದಕ್ಕೆ, ಗಿಡ ಎಲ್ಲಾ ಹೇಗಿವೆ ನೋಡು ಮೊದಲು, ಎಂದಿರಿ. ನೋಡಿದೆ. ಚೆನ್ನಾಗಿಯೇ ಇದ್ದವು.

ಅದಕ್ಕೇ ಈ ಸಲ ಲಕೋಟೆಯನ್ನು ಡಬ್ಬದ ಮುಚ್ಚಳದ ಮೇಲೆಯೇ ಅಂಟಿಸಿದ್ದೇನೆ. ಗಿಡ ಬಿಚ್ಚುವ ಮೊದಲು ಓದಿ ಎಂದು ಕೆಂಪು ಶಾಯಿಯಲ್ಲಿ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದಪ್ಪಗೆ ಬರೆದಿದ್ದೇನೆ. ಕನ್ನಡಕವಿಲ್ಲದೆಯೂ ಕಾಣಿಸುತ್ತದೆ.

ಈಗ ಆ ಬಿಳಿ ಆರ್ಕಿಡ್‌ನ ವಿಷಯ. ಹೇಗೂ ಅಲ್ಲಿ ಸುಮ್ಮನೆ ಬಿದ್ದಿದೆ, ಪ್ಯಾಕ್ ಮಾಡಿ ಕಳಿಸು ಎಂದು ಬರೆದಿದ್ದೀರಿ. ಭಾನುವಾರ ಆರ್ಕಿಡ್ ಸಂಘದ ಅಧ್ಯಕ್ಷರು ಸಪತ್ನೀಕರಾಗಿ ನಿಮ್ಮ ಹೊಸ ಗ್ರೀನ್‌ಹೌಸ್ ನೋಡಲು ಬರುತ್ತಾರಂತೆ. ಅದನ್ನು ಭಾಗ ಮಾಡಿ ಬಂದವರಿಗೆಲ್ಲ ಒಂದೊಂದು ತುಂಡು ಕೊಡುತ್ತೀರಂತೆ. ಹೂವಿಗೆ ಅಧ್ಯಕ್ಷರ ಹೆಂಡತಿಯ ಹೆಸರಿಡುತ್ತೀರಂತೆ. ಓದಿ ನನಗೆ ಹೊಟ್ಟೆ ಉರಿಯಿತು. ಮುಚ್ಚಿಡುವುದೇನಿದೆ, ಅನ್ನದ ತಟ್ಟೆ ಬಿಟ್ಟು ಎದ್ದೆ.

ಅದರ ಬೀಜ ಬಿತ್ತಿದವಳು ನಾನು. ಆರ್ಕಿಡ್ ಬೀಜ ಧೂಳಿಗಿಂತ ಸಣ್ಣದು, ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಪಾಠ ಮುಗಿದ ಮೇಲೆ, ಬಾಟನಿ ಮೇಡಂ ಹತ್ತಿರ ಕೇಳಿಕೊಂಡು, ಸಕ್ಕರೆ ಪಾಕ ತುಂಬಿದ ಬಾಟಲಿಗಳನ್ನು ಕುಕ್ಕರಿನಲ್ಲಿ ಬೇಯಿಸಿ, ಉಸಿರು ಬಿಗಿಹಿಡಿದು ಬಿತ್ತಿದ್ದೆ. ಆರು ಬಾಟಲಿಗಳಲ್ಲಿ ಐದು ಬೂಷ್ಟು ಹಿಡಿದವು. ಉಳಿದ ಒಂದರಲ್ಲಿ ಹಸಿರು ಚುಕ್ಕೆಗಳು ಕಂಡಾಗ ನಾನು ಲ್ಯಾಬ್ ಅಸಿಸ್ಟೆಂಟ್ ಎಂಬುದನ್ನೂ ಮರೆತು ಕಾರಿಡಾರಿನಲ್ಲಿ ಓಡಿದ್ದೆ. ಏಳು ವರ್ಷ ಸಾಕಿದೆ. ಏಳನೆಯ ವರ್ಷ ಮೊದಲ ಹೂ ಬಿಟ್ಟಿತು, ಅಂಗೈಯಗಲ, ಅಚ್ಚ ಬಿಳಿ, ಗಂಟಲಿನಲ್ಲಿ ಮಾತ್ರ ತೆಳು ಹಳದಿ. ಅವತ್ತು ನೀವು ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ನಿಂತಿರಿ. ಆ ಒಂದು ದಿನವನ್ನು ನಾನು ಇಲ್ಲವೆನ್ನುವುದಿಲ್ಲ.

ಇನ್ನೊಂದು ದಿನವೂ ಇದೆ. ನೀವು ಮರೆತಿದ್ದೀರಿ, ಅಥವಾ ನಿಮಗೆ ಗೊತ್ತೇ ಇಲ್ಲ.

ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಚಿಮಟ ಬೇಯಿಸಿದವರು ನೀವು. ಒಂದು ಗಿಡಕ್ಕೆ ತಾಗಿದ ಚಾಕುವನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸದೆ ಇನ್ನೊಂದಕ್ಕೆ ತಾಗಿಸಬಾರದು, ಒಂದರ ರೋಗ ಎಲ್ಲಕ್ಕೂ ಅಂಟುತ್ತದೆ, ಅಂಟಿದರೆ ಔಷಧಿಯಿಲ್ಲ: ಇದನ್ನು ನನಗೆ ಕಲಿಸಿದವರೇ ನೀವು. ಕಲಿಸಿದಿರಿ ಎನ್ನುವುದಕ್ಕಿಂತ, ಬೈದು ಬೈದು ತಲೆಗೆ ಹೊಡೆದು ಕೂರಿಸಿದಿರಿ. ಒಮ್ಮೆ ಚಾಕು ಸಾಕಷ್ಟು ಕಾಯಲಿಲ್ಲವೆಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಎಸೆದಿದ್ದಿರಿ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು.

ಮೂರು ವರ್ಷದ ಹಿಂದೆ ಇದೇ ಅಧ್ಯಕ್ಷರು ಮೊದಲ ಸಲ ನಮ್ಮ ಮನೆಗೆ ಬಂದರಲ್ಲ, ಜೊತೆಗೆ ಹೆಂಡತಿ, ಸಂಘದ ಆರು ಜನ. ನಿಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಳಿಯದರ ಮುಂದೆ ನಿಂತು ಅಧ್ಯಕ್ಷರ ಹೆಂಡತಿ, ಬೀಜದಿಂದ ಎಬ್ಬಿಸಿದ್ದು ಯಾರು, ನೀವೇನಮ್ಮಾ, ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ನಕ್ಕು, ಅಯ್ಯೋ ಇವಳಾ, ಇವಳು ನೀರ್ ಹಾಕ್ತಾಳೆ ಅಷ್ಟೇ, ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ನನಗೆ ಈಗಲೂ ಸಹಿಸಲಾಗದ್ದು, ನಾನೂ ನಕ್ಕೆ.

ಆಮೇಲೆ ಅವರಿಗೆ ಉಡುಗೊರೆ ಕೊಡುವ ಹುಮ್ಮಸ್ಸು ನಿಮಗೆ. ಜೇಬಿನಿಂದ ಚಾಕು ತೆಗೆದಿರಿ. ಮೂಲೆಯಲ್ಲಿದ್ದ ಆ ಹಳೆಯ ನೇರಳೆ ಗಿಡ, ವರ್ಷದಿಂದ ಎಲೆ ಸೊರಗಿಸಿಕೊಂಡು ನಿಂತಿತ್ತಲ್ಲ, ಅದರಿಂದ ಶುರು ಮಾಡಿದಿರಿ. ಒಂದು ಗಡ್ಡೆ ಕತ್ತರಿಸಿ ಕೊಟ್ಟು, ಚಾಕುವನ್ನು ಪ್ಯಾಂಟಿಗೆ ಒರೆಸಿ, ಮಾತಾಡುತ್ತಲೇ ಮುಂದಿನ ಕುಂಡಕ್ಕೆ ಹೋದಿರಿ. ದೀಪ ಹಚ್ಚಿ ಇಟ್ಟುಕೊಂಡು ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಉರಿಯುತ್ತಿತ್ತು. ರೀ, ದೀಪ, ಎಂದರೆ ಸಾಕಿತ್ತು. ನಾನು ಹೇಳಲಿಲ್ಲ. ನೀರು ಹಾಕುವವಳಿಗೆ ಚಾಕುವಿನ ವಿಷಯ ಯಾಕೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಎಣಿಸಿದೆ. ಹನ್ನೊಂದು ಕುಂಡ. ಕೊನೆಯದು ಬಿಳಿಯದು.

ಮುಂದಿನದು ನಿಮಗೆ ಗೊತ್ತು. ವರ್ಷ ತುಂಬುವುದರೊಳಗೆ ಎಲೆಗಳ ಮೇಲೆ ಕಪ್ಪು ಗೀರುಗಳು ಬಂದವು, ಹೂಗಳ ಬಣ್ಣ ಒಡೆದು ಪಟ್ಟೆಪಟ್ಟೆಯಾಯಿತು. ಮೇಡಂ ಪರೀಕ್ಷೆ ಮಾಡಿ, ವೈರಸ್, ಉಳಿಸಲಾಗದು ಎಂದರು. ಮುಟ್ಟಿ ಮುಟ್ಟಿ ಎಲ್ಲಕ್ಕೂ ಹರಡಿತ್ತು. ಅಷ್ಟನ್ನೂ ನೀವು ಹಿತ್ತಿಲಲ್ಲಿ ಗುಂಡಿ ತೋಡಿ ಹೂತಿರಿ. ನನ್ನ ಕೊಳಕು ಕೈಯಿಂದ ಬಂದ ರೋಗ ಎಂದು ಊರಿಗೆಲ್ಲ ಡಂಗುರ ಸಾರಿದಿರಿ. ನಿಮ್ಮ ಅಕ್ಕನ ಎದುರು ನನ್ನ ಎರಡೂ ಕೈ ಹಿಡಿದು ತಿರುಗಿಸಿ ತೋರಿಸಿ, ಈ ಉಗುರು ನೋಡು, ಎಂದಿರಿ. ಬಿಳಿಯದರ ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಇದೊಂದಕ್ಕೆ ಏನೂ ಆಗಿಲ್ಲ ಎಂದು ಉಳಿಸಿದಿರಿ. ಈ ಮನೆಯಲ್ಲಿ ಇನ್ನು ಏನೂ ಬೆಳೆಯುವುದಿಲ್ಲ ಎಂದು, ಅಕ್ಕನ ಮನೆಯಲ್ಲಿ ಇಡಲು ಜಾಗವಿಲ್ಲದೆ ಅದನ್ನು ಇಲ್ಲೇ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಹೋದಿರಿ.

ನಾನು ಆಗಲೂ ಬಾಯಿ ಬಿಡಲಿಲ್ಲ. ಹೇಳಿದರೆ, ನೋಡಿಕೊಂಡು ಸುಮ್ಮನಿದ್ದೆಯಾ ಎಂದು ನೀವು ಕೇಳುತ್ತಿದ್ದಿರಿ. ಕೇಳುವುದು ನ್ಯಾಯವೇ. ನಿಮ್ಮ ಮೇಲಿನ ಸಿಟ್ಟನ್ನು ಬಾಯಿಲ್ಲದ ಗಿಡಗಳ ಮೇಲೆ ತೀರಿಸಿಕೊಂಡೆ. ನೀವು ಗೊತ್ತಿಲ್ಲದೆ ಕೊಂದಿರಿ, ನಾನು ಗೊತ್ತಿದ್ದೂ ಕೊಂದೆ. ನೀವು ಗುಂಡಿಗೆ ಮಣ್ಣೆಳೆಯುವಾಗ ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಅತ್ತೆ, ನಿಮಗೆ ಕೇಳಿಸದಿರಲಿ ಎಂದು. ಹಾಗೆಂದು ನಿಮ್ಮನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ನನ್ನ ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ನಿಮ್ಮದು ಸಣ್ಣದಾಗುವುದಿಲ್ಲ.

ಇಲ್ಲಿಯ ಗ್ರೀನ್‌ಹೌಸ್ ಈಗ ಬಟ್ಟೆ ಒಣಹಾಕಲು ಬಳಕೆಯಾಗುತ್ತಿದೆ. ಹೊರಗೆ ಮಳೆ ಸುರಿದರೂ ಒಳಗೆ ಟವೆಲ್ಲು ಗರಿಗರಿಯಾಗಿ ಒಣಗುತ್ತದೆ. ಅಷ್ಟರಮಟ್ಟಿಗೆ ಚೆನ್ನಾಗಿಯೇ ಕಟ್ಟಿದ್ದೆವು. ನೀವು ಕೇಳಿದ ಬಿಳಿಯದನ್ನು ಕುಂಡದಿಂದ ಬಿಡಿಸಿ, ಬೇರಿಗೆ ಒದ್ದೆ ಪಾಚಿ ಸುತ್ತಿ ಡಬ್ಬದಲ್ಲಿಟ್ಟಿದ್ದೇನೆ. ಗುರುವಾರ ತಲುಪುತ್ತದೆ ಎಂದರು. ಭಾನುವಾರಕ್ಕೆ ಇನ್ನೂ ಮೂರು ದಿನ ಇರುತ್ತದೆ.

ಅಕ್ಕನಿಗೆ ನನ್ನ ನಮಸ್ಕಾರ. ಉಗುರು ಕತ್ತರಿಸಿಕೊಂಡಿದ್ದೇನೆ ಎಂದು ತಿಳಿಸಿ.

ಇಂತಿ,
ನೀರು ಹಾಕುವವಳು

ತಾ. ಕ.: ಡಬ್ಬದಲ್ಲಿರುವ ಗಿಡಕ್ಕೂ ರೋಗವಿದೆ. ನೀವು ಮನೆ ಬಿಟ್ಟು ಹೋದ ತಿಂಗಳೇ ಮೇಡಂ ಹತ್ತಿರ ಪರೀಕ್ಷೆ ಮಾಡಿಸಿದೆ. ಕೆಲವು ಗಿಡಗಳು ಹೊರಗೆ ಏನೂ ತೋರಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿರುತ್ತವಂತೆ.

ಆ ಅತಿಥಿಗಳು ಬರುವ ಹಿಂದಿನ ವಾರ ಕುಂಡ ಬದಲಿಸುವಾಗ ಬಿಳಿಯದರ ಒಂದು ತುಂಡು ನನ್ನ ಕೈಯಲ್ಲಿ ಮುರಿದಿತ್ತು. ಬೈಯುತ್ತೀರೆಂದು ಹೆದರಿ ಹಳೆಯ ಲೋಟದಲ್ಲಿ ನೆಟ್ಟು ಅಡುಗೆಮನೆಯ ಕಿಟಕಿಯಲ್ಲಿ, ಪಾತ್ರೆ ತೊಳೆಯುವ ಪುಡಿಯ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ನಿಮ್ಮ ಚಾಕು ಅದಕ್ಕೆ ತಾಗಲಿಲ್ಲ. ಅದನ್ನೂ ಪರೀಕ್ಷೆ ಮಾಡಿಸಿದ್ದೇನೆ, ರೋಗವಿಲ್ಲ. ಈ ವಾರ ಮೊಗ್ಗು ಬಿಟ್ಟಿದೆ, ಎರಡು.

ಲಕೋಟೆಯ ಮೇಲೆ ಬರೆದಂತೆ ಇದನ್ನು ಮೊದಲು ಓದಿದ್ದರೆ, ಡಬ್ಬವನ್ನು ತೆರೆಯದೆ ಹಾಗೇ ಸುಟ್ಟುಹಾಕಿ, ಇಲ್ಲಿಗೆ ಬನ್ನಿ. ಕಿಟಕಿಯದರಲ್ಲಿ ನಿಮಗೆ ಅರ್ಧ ಕೊಡುತ್ತೇನೆ. ದೀಪ ನಾನು ಹಿಡಿಯುತ್ತೇನೆ, ಚಾಕು ನೀವು ಕಾಯಿಸಿ.

ಗಿಡ ಬಿಚ್ಚಿ, ಒಣಗಿದ ಬೇರು ಕತ್ತರಿಸಿ, ಬೆಂಚಿನ ಮೇಲಿಟ್ಟು, ಬಂದವರಿಗೆಲ್ಲ ತುಂಡು ಹಂಚಿ, ಆಮೇಲೆ ಯಾವಾಗಲೋ ಬಿಡುವು ಮಾಡಿಕೊಂಡು ಇದನ್ನು ಓದುತ್ತಿದ್ದರೆ, ಬರುವುದು ಬೇಡ. ಆ ಚಾಕು ಎಷ್ಟು ಕುಂಡ ಮುಟ್ಟಿತು ಎಂದು ನೀವೇ ಎಣಿಸಿಕೊಳ್ಳಿ. ಈ ಸಲ ಎಣಿಸಲು ನಾನು ಅಲ್ಲಿರಲಿಲ್ಲ.