ಗಡಿಯಾರದ ಪಕ್ಕದ ಹನ್ನೊಂದು ಮಂದಿ

೧೪ ಜೂನ್, ಶನಿವಾರ

ಕಂಪ್ಯೂಟರಿನ ಮೂಲೆಯಲ್ಲಿ, ಗಡಿಯಾರದ ಪಕ್ಕ ಗುಂಪುಗೂಡಿದ್ದ ಹನ್ನೊಂದು ಐಕಾನ್‌ಗಳಿಗೆ ಇಂದು ಬೆಳಿಗ್ಗೆ ಗಡಿಪಾರು ಶಿಕ್ಷೆ ವಿಧಿಸಿದೆ. ಆರೋಪ: ಸುಮ್ಮಸುಮ್ಮನೆ ಸಂದೇಶ ತೋರಿಸಿ ಅವ್ವನನ್ನು ಕಾಡಿದ್ದು. ಕರೆದವರಿಗೆ ಓ ಅನ್ನಬೇಕೆಂದು ಅವಳು ಪ್ರತಿಯೊಂದನ್ನೂ ಒತ್ತುತ್ತಾಳೆ. ಮಹಿಳಾ ಸಂಘದ ಠರಾವು ಟೈಪ್ ಮಾಡುವುದು ಅಲ್ಲಿಗೇ ನಿಲ್ಲುತ್ತದೆ.

ಸಂಜೆ ಖಾಲಿ ಮೂಲೆ ನೋಡಿ ಬೆಚ್ಚಿದಳು. "ಗೌತಮಾ, ಅವೆಲ್ಲಾ ಎಲ್ಲಿ ಹೋದ್ವೋ?"

"ಊರ ಬಿಟ್ಟು ಹೋಗ್ಯಾವಬೇ," ಎಂದೆ ಗಂಭೀರವಾಗಿ.

"ನಿನ್ನೆ ಗಡಿಬಿಡ್ಯಾಗ ಒಂದಕ್ಕೂ ಓ ಅನ್ನಲಿಲ್ಲ. ನಾನೇ ಕೆಡಿಸಿಬಿಟ್ಟೆ ನೋಡು. ಇನ್ನ ಇದನ್ನ ಮುಟ್ಟಂಗಿಲ್ಲಪಾ ನಾ."

ಟೈಪಿಂಗ್ ಕಲಿಯಲು ಅವಳಿಗೆ ಮೂರು ತಿಂಗಳು ಹಿಡಿದಿತ್ತು. ಹಳೇ ಸೀರೆಯ ತುಂಡನ್ನು ಕಂಪ್ಯೂಟರಿಗೆ ಹೊದಿಸಿದಳು.

ತಪ್ಪೊಪ್ಪಿಕೊಂಡೆ. ಸೆಟ್ಟಿಂಗ್ಸ್ ತೆರೆದು, ಬೇಡದ್ದನ್ನು ಮರೆಮಾಡುವುದು, ಬೇಕಾದ್ದನ್ನು ಮರಳಿ ತರುವುದು ಹೇಗೆಂದು ತೋರಿಸಿದೆ. ಅವಳೇ ಒಂದನ್ನು ಮರಳಿ ತಂದಳು: ಪ್ರಿಂಟರಿನದು. ಆ ಪ್ರಿಂಟರ್ ಸೊಲ್ಲಾಪುರ ರಸ್ತೆಯ ಗುಜರಿಗೆ ಹೋಗಿ ವರ್ಷವಾಯಿತು.

"ಅದಕ್ಕೇನ ಗೊತ್ತೋ, ಪಾಪ. ಇರ್ಲಿ ಬಿಡು," ಎಂದು ಠರಾವು ಮುಗಿಸಿಯೇ ಎದ್ದಳು.

ಈಗಲೂ ಅದು ಮೂಲೆಯಲ್ಲಿ, ಪ್ರಿಂಟರ್ ಸಿಗುತ್ತಿಲ್ಲ ಎನ್ನುತ್ತಿದೆ. ಒಮ್ಮೆ ಓ ಅಂದು ಮಲಗುವುದು, ಇಲ್ಲದಿದ್ದರೆ ರಾತ್ರಿಯೆಲ್ಲಾ ಕರೆಯುತ್ತಲೇ ಇರುತ್ತದೆ, ಪಾಪ.