ಕುಂಕುಮವಿಡದೆ ಕರೆದದ್ದಕ್ಕೆ

೧೨ ಫೆಬ್ರವರಿ ೧೯೭೮, ಭಾನುವಾರ

ನಾನು ಗೋಪಾಲಮ್ಮ, ಹೆಬ್ಬಾಳದ ಈ ಮನೆಯ ಹಿರಿಸೊಸೆ. ಯಾರ ಬಾಗಿಲಿಗೂ ಹೋಗಿ ಬೇಡಿದವಳಲ್ಲ. ಇವತ್ತು ಹೋಗಿ ಬಂದೆ. ಮೈಕೈಯೆಲ್ಲ ನೋವು.

ಮೊಮ್ಮಗಳು ನಾಮಕರಣದ ದಿನ ಮುಚ್ಚಿದ ಕಣ್ಣು ಬಿಟ್ಟಿರಲಿಲ್ಲ. ಬಾಯಿಗೆ ಹಾಲು ಹಿಂಡಿದರೆ ನಿದ್ದೆಯಲ್ಲೇ ನುಂಗುತ್ತಿದ್ದಳು. ಡಾಕ್ಟರು ಕೈಚೆಲ್ಲಿದರು. ಕಾರಣ ನನಗೆ ಗೊತ್ತಿತ್ತು. ನಾದಿನಿ ಸುಬ್ಬಲಕ್ಷ್ಮಿಯನ್ನು ಕುಂಕುಮವಿಟ್ಟು ಕರೆಯದೆ ಹಾಲಿನವನ ಕೈಲಿ ಹೇಳಿಕಳಿಸಿದ್ದೆ. ಅವಳು ಬಂದರೂ ಒಳಗೆ ಬರಲಿಲ್ಲ. ಗೇಟಿನಾಚೆ ನಿಂತು ಜೋಗುಳ ಹಾಡಿ ಹೊರಟುಹೋದಳು. ಹೆಸರು ಕೂಗುವ ಮೊದಲೇ ಮಗು ಮಲಗಿಬಿಟ್ಟಿತು. ಅವಳು ಹಾಡಿ ಮಲಗಿಸಿದವರನ್ನು ಅವಳೇ ಹಾಡಿ ಎಬ್ಬಿಸಬೇಕು. ಆ ವಿದ್ಯೆ ಈ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳದು, ಸೊಸೆಯರಿಗೆ ಬರುವುದಿಲ್ಲ.

ಕುಂಕುಮದ ಭರಣಿ ಹಿಡಿದು ಹೆಸರಘಟ್ಟದ ಬಸ್ಸು ಹತ್ತಿದೆ. ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು.

"ಏನ್ ಅತ್ತಿಗೆ, ಇವತ್ತು ಹಾಲಿನವ್ನಿಗೆ ರಜಾನಾ?"

ಭರಣಿ ಮುಂದೆ ಚಾಚಿದೆ. "ಕುಂಕುಮ ತಗೊಳ್ಳೇ. ಬಂದು ಮಗು ಎಬ್ಬಿಸು."

"ಅವತ್ತೇ ಹಿಂಗೆ ಬಂದಿದ್ರೆ ನಾನ್ಯಾಕೆ ಆಚೆ ನಿಂತ್ಕೋತಿದ್ದೆ?" ಎಂದು ಕಣ್ಣೊರೆಸಿಕೊಂಡು ಹಣೆಗಿಟ್ಟುಕೊಂಡಳು.

ಇಬ್ಬರೂ ಬಸ್ಸು ಹತ್ತಿ ಮನೆಗೆ ಬಂದೆವು. ತೊಟ್ಟಿಲ ಬಳಿ ಕೂತು ಬೆಳಗಿನ ಹಾಡು ಹಾಡಿದಳು. ಮೊದಲು ಮಗುವಿನ ಹೆಬ್ಬೆರಳು ಅಲುಗಿತು. ಆಮೇಲೆ ಮನೆ ಹಾರಿಹೋಗುವ ಹಾಗೆ ಅತ್ತಿತು.

ನನ್ನ ಹೆಸರೇ ಇಡುವುದೆಂದು ನಿಶ್ಚಯವಾಗಿತ್ತು. ಅದನ್ನು ಬಿಟ್ಟೆ. ಮಗುವನ್ನು ಅವಳ ಮಡಿಲಿಗೆ ಹಾಕಿ, "ಹೆಸರು ನೀನೇ ಕೂಗು" ಎಂದೆ. ಅವಳು ತನ್ನ ತಾಯಿಯ ಹೆಸರು ಕೂಗಿದಳು.

ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಇಷ್ಟು ವರ್ಷ ನಾನು ಹೇಳಿದವಳೂ ಅಲ್ಲ. ಈಗ ಮಲಗುವ ಮುಂಚೆ ತೊಟ್ಟಿಲ ಹತ್ತಿರ ಹೋಗಿ ಕರೆದೆ, ವೇದವತೀ ಎಂದು. ತಿರುಗಿ ನೋಡಿದಳು.