ಮೈಲವ್ವ ನಿಂತ ಸಾಲು

ಫೆಬ್ರವರಿ ಮೂವತ್ತು, ೨೩೧೮

ಇಪ್ಪತ್ತೊಂದನೆಯ ಶತಮಾನದಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ ಗುರುಗಳಿಗೆ ಶರಣಬಿಯ ನಮಸ್ಕಾರಗಳು.

ಹೌದು, ಫೆಬ್ರವರಿಗೆ ಈಗ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದಲ್ಲಿ ಜಲಾಶಯದ ನೀರು ನಿಲ್ಲುತ್ತಿದ್ದ ಬಯಲಿನಲ್ಲಿ ನಮ್ಮ ಶಾಲೆಯಿದೆ. ಅಲ್ಲಿ ನಾನು ಮಕ್ಕಳಿಗೆ ವಂಶವಾಹಿಗಳ ಪಾಠ ಮಾಡುತ್ತೇನೆ. ಈ ವಾರ ಆದದ್ದರ ತಲೆಬುಡ ನನಗೆ ತಿಳಿಯುತ್ತಿಲ್ಲ. ಕೇಳೋಣವೆಂದರೆ ಇಲ್ಲಿ ಬಲ್ಲವರು ಯಾರೂ ಉಳಿದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಗು ಹುಟ್ಟಿದಾಗ ಅದಕ್ಕೊಂದು ಎಳೆಪಟ ನೇಯುತ್ತಾರೆ. ಮಗುವಿನ ವಂಶವಾಹಿಗಳನ್ನು ಬಣ್ಣದ ನೂಲಿನಲ್ಲಿ ತೋರಿಸುವ ಬಟ್ಟೆ ಅದು. ಮೊದಲು ತೊಟ್ಟಿಲಿಗೆ ಹಾಸುತ್ತೇವೆ, ಆಮೇಲೆ ಅದರಲ್ಲೇ ಶಾಲೆಗೆ ಬುತ್ತಿ ಕಟ್ಟುತ್ತೇವೆ. ಮಧ್ಯಾಹ್ನ ಎಲ್ಲರ ಪಟಗಳನ್ನೂ ಒಂದಕ್ಕೊಂದು ಸೇರಿಸಿ ಹಾಸಿ, ಬುತ್ತಿಯನ್ನೆಲ್ಲ ನಡುವೆ ಇಟ್ಟು ಒಟ್ಟಿಗೆ ಉಣ್ಣುವುದು ರೂಢಿ. ಪ್ರತಿ ಪಟದ ಅಂಚಿನಲ್ಲೂ ಒಂದು ಹೆಸರಿರುತ್ತದೆ. ನೇಯುವ ಯಂತ್ರ ಕಲಿತದ್ದು ನಿಮ್ಮ ಕಾಲದ ರಕ್ತದ ಮಾದರಿಗಳಿಂದ. ಮಗುವಿನ ರಕ್ತ ಯಾವ ಸೀಸೆಯದಕ್ಕೆ ತುಸು ಹತ್ತಿರವೋ, ಅದರ ಮೇಲೆ ನೀವು ಬರೆದ ಜಾತಿಯ ಹೆಸರನ್ನೇ ಅದು ಇಂದಿಗೂ ನೇಯುತ್ತದೆ. ನಮಗೆ ಅದು ಬರೀ ಅಂಚಿನ ಚಿತ್ತಾರವಾಗಿತ್ತು.

ಸೋಮವಾರ ನನ್ನ ವಿದ್ಯಾರ್ಥಿನಿ ಮೈಲವ್ವ ಅಂಚಿನ ಈ ಹೆಸರೇನೆಂದು ಕೇಳಿದಳು. ಹಿಂದೆ ಜನ ಹೀಗೆ ಬೇರೆ ಬೇರೆಯಾಗಿದ್ದರಂತೆ, ಅದಕ್ಕೆ ಮೈಯಲ್ಲಿ ಆಧಾರವೇನೂ ಇರಲಿಲ್ಲ ಎಂದೆ. ಬಾಯಿಮಾತು ಸಾಲದು, ತೋರಿಸಿಯೇ ಬಿಡೋಣ ಅನ್ನಿಸಿತು. ಅಂಚಿನ ಹೆಸರಿನಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಟಗಳನ್ನು ಹೋಲಿಸಲು ಹೇಳಿದೆ. ಒಂದೇ ಸಾಲಿನವರ ನಡುವೆಯೇ ಬೇಕಾದಷ್ಟು ವ್ಯತ್ಯಾಸ ಕಂಡಿತು, ಬೇರೆ ಸಾಲಿನವರೊಡನೆ ಬೇಕಾದಷ್ಟು ಹೋಲಿಕೆಯೂ ಸಿಕ್ಕಿತು. ಮಕ್ಕಳು ನಕ್ಕರು. ಪಾಠ ಚೆನ್ನಾಗಿ ಆಯಿತೆಂದು ನಾನು ಒಳಗೊಳಗೇ ಬೀಗಿದೆ.

ಊಟದ ಗಂಟೆ ಹೊಡೆದಾಗ ಮಕ್ಕಳು ಅದೇ ಸಾಲುಗಳಲ್ಲಿ ಪಟ ಹಾಸಿ ಕೂತರು. ಯಾರೂ ಜಗಳವಾಡಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ. ಮೈಲವ್ವನ ಅಂಚಿನ ಹೆಸರು ಮಾತ್ರ ತರಗತಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಬುತ್ತಿ ಹಿಡಿದುಕೊಂಡು ಅವಳೊಬ್ಬಳೇ ನಾನು ನಿಲ್ಲಿಸಿದ್ದ ಗೋಡೆಯ ಬಳಿಯೇ ನಿಂತಿದ್ದಳು. “ಅಕ್ಕೋರ, ನಾ ಇನ್ನೂ ಇಲ್ಲೇ ನಿಂದರಬೇಕೇನ್ರಿ?” ಎಂದಳು.

ಮರುದಿನ ಅವಳು ಬುತ್ತಿ ತರಲಿಲ್ಲ, ಹಸಿವಿಲ್ಲವಂತೆ. ಇವತ್ತು ಪಟದ ಅಂಚನ್ನೇ ಕತ್ತರಿಸಿಕೊಂಡು ಬಂದಿದ್ದಾಳೆ. ಸೇರಿಸಿಕೊಳ್ಳಿರೋ ಎಂದು ಉಳಿದವರಿಗೆ ಹೇಳಿದರೆ, ಯಾವ ಸಾಲಿಗೆ ಎಂದು ಕೇಳುತ್ತಾರೆ. ಸಾಲೇ ಇಲ್ಲ ಎಂದರೆ, “ನೀವೇ ನಿಲ್ಲಿಸಿದ್ರಲ್ರಿ” ಎನ್ನುತ್ತಾರೆ. ಆ ಮಕ್ಕಳಲ್ಲಿ ಕೆಟ್ಟತನವಿಲ್ಲ, ಅದಕ್ಕೇ ನನಗೆ ಹೆಚ್ಚು ಭಯ.

ನಿಮ್ಮ ತರಗತಿಯಲ್ಲಿ ಈ ಹೆಸರುಗಳು ಎಲ್ಲರಿಗೂ ಗೊತ್ತಿದ್ದವಂತೆ. ಹಾಗಿದ್ದೂ ನೀವು ಈ ಪಾಠವನ್ನು ಹೇಗೆ ಮಾಡುತ್ತಿದ್ದೀರಿ? ಹೇಳದೆ ಬಿಟ್ಟರೆ ಮುಚ್ಚಿಟ್ಟಂತೆ, ಹೇಳಿದರೆ ಹೀಗೆ. ದಾರಿ ಗೊತ್ತಾದರೆ ಎಲ್ಲಾದರೂ ಬರೆದಿಡಿ, ನಾವು ಹುಡುಕಿಕೊಳ್ಳುತ್ತೇವೆ.

ನಾಳೆ ನನ್ನ ಬುತ್ತಿಯನ್ನು ಗೋಡೆಯ ಬಳಿಗೆ ಒಯ್ದು ಮೈಲವ್ವನ ಜೊತೆ ಉಣ್ಣುತ್ತೇನೆ. ಅವಳ ಸಾಲಿನಲ್ಲಿ ಆಗ ಇಬ್ಬರಾಗುತ್ತೇವೆ. ಅದು ಸಾಲು ಮುರಿದಂತೆಯೋ, ಇನ್ನಷ್ಟು ಗಟ್ಟಿ ಮಾಡಿದಂತೆಯೋ, ನನಗೆ ಗೊತ್ತಿಲ್ಲ.

ಶರಣಬಿ